ಮೂವತ್ತೆರಡನೆಯ ಹಲ್ಲು

ಮದುವೆಯಾಗಿ ಮೂವತ್ತೊಂದು ವರ್ಷವಾಗಿದ್ದರೂ ಆಕೆ ಗಂಡನ ಬಾಯಿಂದ ‘ಚೆನ್ನಾಗಿದೆ’ ಎಂಬ ಒಂದು ಮಾತನ್ನು ಕೇಳಿರಲಿಲ್ಲ. ಹಾಗಂತ ಯಜಮಾನರು ಕೆಟ್ಟವರೇನಲ್ಲ. ರೇಗುವವರಲ್ಲ, ಕೂಗಾಡುವವರಲ್ಲ, ತಟ್ಟೆ ಎಸೆಯುವ ಪೈಕಿಯಂತೂ ಅಲ್ಲವೇ ಅಲ್ಲ. ಅಳೆಯುವವರು, ಅಷ್ಟೆ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಾಗಿ ಮೂವತ್ತಾರು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿಗಳ ತಪ್ಪು ಹಿಡಿದವರು. ನಿವೃತ್ತಿಯ ದಿನ ಇಲಾಖೆಯವರು ಅವರಿಂದ ತೂಕದ ಬಟ್ಟುಗಳನ್ನೂ ಮೊಹರನ್ನೂ ಲೆಕ್ಕ ಮಾಡಿ ವಾಪಸ್ ಇಸಿದುಕೊಂಡರು. ಚಟವನ್ನು ಮಾತ್ರ ಇಸಿದುಕೊಳ್ಳಲು ಮರೆತರು. ಅದು ಅವರ ಜೊತೆಯಲ್ಲೇ ಮನೆಗೆ ಬಂತು. ಚಹಾದಲ್ಲಿ ಸಕ್ಕರೆ ಅರ್ಧ ಚಮಚ ಹೆಚ್ಚು. ಕಿಟಕಿಯ ಪರದೆ ಅರ್ಧ ಅಂಗುಲ ಗಿಡ್ಡ. ಇಸ್ತ್ರಿ ಮಾಡಿದ ಅಂಗಿಯ ಮಡಿಕೆ ಅರ್ಧ ಬೆರಳು ಓರೆ. ಅವರ ಲೋಕದಲ್ಲಿ ಪ್ರತಿಯೊಂದೂ ಸರಿಗಿಂತ ಅರ್ಧ ಆಚೆಗೋ ಅರ್ಧ ಈಚೆಗೋ ಇರುತ್ತಿತ್ತು. ಸರಿಯಾಗಿ ನಡುವೆ ನಿಂತವರು ಅವರೊಬ್ಬರೇ.

ನಿವೃತ್ತಿಯಾದ ಮೂರನೇ ತಿಂಗಳಿಗೆ ಅವರಿಗೆ ಹರಳಿಗೆ ಸಾಣೆ ಹಿಡಿಯುವ ಹವ್ಯಾಸ ಅಂಟಿಕೊಂಡಾಗ ಆಕೆ ನೆಮ್ಮದಿಯ ಉಸಿರು ಬಿಟ್ಟಳು. ಇನ್ನು ಮೇಲೆ ಅಳೆಯುವುದಕ್ಕೆ ಕಲ್ಲು ಸಿಕ್ಕಿತು, ತಾನು ಬಚಾವು ಎಂದುಕೊಂಡಳು. ಪಾಪ, ಆಕೆಯ ಎಣಿಕೆಯೂ ಅರ್ಧದಷ್ಟೇ ಸರಿಯಿತ್ತು.

ದೊಡ್ಡ ಮರದ ಪೆಟ್ಟಿಗೆಯಲ್ಲಿ ಹೊಟ್ಟಿನ ನಡುವೆ ಮಲಗಿಕೊಂಡು ಯಂತ್ರ ಬಂತು. ಹಿಂದಿನ ಕೋಣೆಯಲ್ಲಿದ್ದ ಆಕೆಯ ಹೊಲಿಗೆ ಮಷೀನು ಅದಕ್ಕೆ ಜಾಗ ಬಿಟ್ಟುಕೊಟ್ಟು ಮಂಚದ ಕೆಳಗೆ ಸೇರಿತು. ಕೆಲಸ ನೋಡುವುದಕ್ಕೆ ಸರಳ. ಒರಟು ಕಲ್ಲನ್ನು ಅರಗು ಕಾಸಿ ಹಿತ್ತಾಳೆಯ ಕಡ್ಡಿಯ ತುದಿಗೆ ಅಂಟಿಸಬೇಕು, ಕಡ್ಡಿಯನ್ನು ಯಂತ್ರದ ತೋಳಿಗೆ ಸಿಕ್ಕಿಸಬೇಕು. ಕೆಳಗೆ ವಜ್ರದ ಪುಡಿ ಹಚ್ಚಿದ ಸಾಣೆತಟ್ಟೆ ಗಿರ್ರನೆ ತಿರುಗುತ್ತಿರುತ್ತದೆ, ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ತೋಳಿನಲ್ಲಿ ತೊಂಬತ್ತಾರು ಹಲ್ಲುಗಳ ಒಂದು ಚಕ್ರವಿದೆ. ಯಾವ ಹಲ್ಲಿಗೆ ನಿಲ್ಲಿಸುತ್ತೇವೋ ಕಲ್ಲು ಅಷ್ಟು ತಿರುಗಿ ಆ ಮಗ್ಗುಲನ್ನು ತಟ್ಟೆಗೆ ಒಡ್ಡುತ್ತದೆ. ಹೀಗೆ ಹಲ್ಲು ಎಣಿಸುತ್ತ ಒಂದೊಂದೇ ಮುಖ ತೇಯುತ್ತ ಹೋದರೆ, ಕೊನೆಗೆ ಪಕ್ಕಪಕ್ಕದ ಮುಖಗಳ ಗೆರೆಗಳೆಲ್ಲ ಒಂದೇ ಚುಕ್ಕೆಯಲ್ಲಿ ಬಂದು ಕೂಡಬೇಕು. ಕೂಡಿದರೆ ಹರಳು. ಕೂದಲೆಳೆಯಷ್ಟು ತಪ್ಪಿದರೂ ಯಜಮಾನರ ಪ್ರಕಾರ ಅದು ಜಲ್ಲಿ.

“ಈ ಮಷೀನಲ್ಲಿ ತಪ್ಪು ಅನ್ನೋ ಮಾತೇ ಇಲ್ಲ. ತಪ್ಪಾದ್ರೆ ಮನುಷ್ಯಂದು” ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದ್ದರು. ಅವನು ಸಹಿ ಹಾಕಿಸಿಕೊಂಡು ಹೋಗುವ ಅವಸರದಲ್ಲಿ ಹೌದು ಸಾರ್ ಎಂದಿದ್ದ.

ಊರಿನಲ್ಲಿ ಹರಳು ಕೊಯ್ಯುವ ಹವ್ಯಾಸಿಗಳದ್ದೊಂದು ಕ್ಲಬ್ಬಿತ್ತು. ವಾರಕ್ಕೆ ಮೂರು ಮಧ್ಯಾಹ್ನ, ಎರಡರಿಂದ ಆರು ಗಂಟೆ, ಹನ್ನೆರಡು ಜನ ಒಂದು ಬಾಡಿಗೆ ಹಾಲಿನಲ್ಲಿ ಕೂತು ಒಬ್ಬರ ಕಲ್ಲನ್ನು ಇನ್ನೊಬ್ಬರು ನೋಡಿ ತುಟಿ ಕೊಂಕಿಸುತ್ತಿದ್ದರು. ಈ ವಿದ್ಯೆಯಲ್ಲಿ ಯಜಮಾನರನ್ನು ಮೀರಿಸುವವರಿರಲಿಲ್ಲವಾದ್ದರಿಂದ ಎರಡೇ ವರ್ಷದಲ್ಲಿ ಅವರು ವಾರ್ಷಿಕ ಸ್ಪರ್ಧೆಯ ತೀರ್ಪುಗಾರರಾದರು. ಎಲ್ಲರಿಗೂ ಒಂದೇ ಬಗೆಯ ಕಲ್ಲು, ಒಂದೇ ನಕ್ಷೆ. ಪೆಟ್ಟಿಗೆಯ ಮೇಲೆ ಹೆಸರಿಲ್ಲ, ಬರೀ ನಂಬರು. ನೂರು ಅಂಕ. ಅಂಕ ಕಳೆಯುವುದೇನಿದ್ದರೂ ಅರ್ಧರ್ಧವಾಗಿ. ನಾಲ್ಕು ವರ್ಷದಲ್ಲಿ ಅವರು ಕೊಟ್ಟ ಅತಿ ಹೆಚ್ಚು ಅಂಕ ತೊಂಬತ್ತೊಂದು. ಅದು ಸಿಕ್ಕಿದ ಮನುಷ್ಯ ಖುಷಿಗೆ ಆ ಹಾಳೆಗೆ ಕಟ್ಟು ಹಾಕಿಸಿಟ್ಟುಕೊಂಡಿದ್ದಾನೆ. ಕ್ಲಬ್ಬಿನವರು ಬೆನ್ನ ಹಿಂದೆ ಅವರನ್ನು ‘ಅರ್ಧಮಾರ್ಕು’ ಎಂದು ಕರೆಯುತ್ತಿದ್ದರು. ಹೆಂಡತಿಯ ಕಿವಿಗೆ ಆ ಹೆಸರು ಬಿದ್ದ ದಿನ ಆಕೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕಳು.

ಆಕೆಯೇನೂ ಕೈಕಟ್ಟಿ ಕೂತ ಹೆಂಗಸಲ್ಲ. ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವಳು. ಅಚ್ಚು ತೆಗೆಯುವುದು, ಮೇಣ ಕಾಸುವುದು, ಹಲ್ಲು ಜೋಡಿಸುವುದು, ತೇಯುವುದು, ಹೊಳಪು ಕೊಡುವುದು. ಒಂದು ಹಲ್ಲು ಉಗುರಿನ ದಪ್ಪದಷ್ಟು ಎತ್ತರವಾದರೂ ಉಣ್ಣುವವನ ದವಡೆ ನೋಯುತ್ತದೆ. ಆಕೆ ಮಾಡಿದ ಹಲ್ಲು ಹಾಕಿಕೊಂಡು ನೂರಾರು ಜನ ನಗುತ್ತಿದ್ದರು, ಅಗಿಯುತ್ತಿದ್ದರು, ಸುಳ್ಳು ಹೇಳುತ್ತಿದ್ದರು. ಯಾರಿಗೂ ತಮ್ಮದಲ್ಲ ಅನ್ನಿಸುತ್ತಿರಲಿಲ್ಲ. ಒಮ್ಮೆ ಅಂಥದೊಂದು ಸೆಟ್ಟನ್ನು ಮನೆಗೆ ತಂದು ಗಂಡನ ಮುಂದಿಟ್ಟಾಗ ಅವರು ಅದನ್ನು ಬೆಳಕಿಗೆ ಹಿಡಿದು, “ಎಡಗಡೆ ಕೋರೆಹಲ್ಲು ಸ್ವಲ್ಪ ಚೂಪಾಯ್ತು. ಇರ್ಲಿ ಬಿಡು, ಬಾಯೊಳಗಿರೋದು, ಯಾರು ನೋಡ್ತಾರೆ?” ಎಂದು ಅಪ್ಪಣೆ ಕೊಡಿಸಿದ್ದರು. ಆಮೇಲೆ ಆಕೆ ಏನನ್ನೂ ತಂದು ತೋರಿಸಲಿಲ್ಲ.

ಯಂತ್ರ ಬಂದ ಮೇಲೆ ಯಜಮಾನರಿಗೆ ಕೆಲಸದ ಜೊತೆಗೆ ಒಬ್ಬ ಕೇಳುಗನೂ ಬೇಕಾಯಿತು. ಆಕೆ ಚಹಾ ಹಿಡಿದು ಬಂದರೆ ಸಾಕು, ಪಾಠ ಶುರು. ಕೋನ ಎಷ್ಟಿದ್ದರೆ ಬೆಳಕು ಒಳಗೆ ಹೊಕ್ಕು ತಿರುಗಿ ಬರುತ್ತದೆ, ಎಷ್ಟಾದರೆ ಕೆಳಗಿಂದ ಸೋರಿಹೋಗಿ ಹರಳು ಸತ್ತ ಮೀನಿನ ಕಣ್ಣಾಗುತ್ತದೆ. ದಪ್ಪ ಪುಡಿಯ ಒಂದೇ ಒಂದು ಕಣ ಹೊಳಪಿನ ತಟ್ಟೆಗೆ ಬಿದ್ದರೆ ಎರಡು ದಿನದ ದುಡಿಮೆ ಹೇಗೆ ಗೀರುಗೀರಾಗುತ್ತದೆ. ಆಕೆ ಖಾಲಿ ಲೋಟಕ್ಕಾಗಿ ಕಾಯುತ್ತ ನಿಂತು ಐದು ವರ್ಷ ಇದನ್ನೆಲ್ಲ ಕೇಳಿದಳು. ಪಾಠ ಹೇಳುವವರಿಗೆ ತಾವು ಯಾರಿಗೋ ಕಲಿಸುತ್ತಿದ್ದೇವೆ ಎಂಬ ಅನುಮಾನ ಒಂದು ದಿನವೂ ಬರಲಿಲ್ಲ.

ಲ್ಯಾಬಿನ ಕೆಲಸ ಬಿಟ್ಟ ಮೇಲೆ, ಒಂದು ಮಂಗಳವಾರ ಯಜಮಾನರು ಕ್ಲಬ್ಬಿಗೆ ಹೋದಾಗ, ಆಕೆ ಕೋಣೆ ಗುಡಿಸಲು ಹೋದವಳು ಪೊರಕೆ ಮೂಲೆಗಿಟ್ಟು ಕುರ್ಚಿಯಲ್ಲಿ ಕೂತಳು. ಒಡೆದ ಹಸಿರು ಸೀಸೆಯ ತಳವನ್ನು ಅರಗಿನಲ್ಲಿ ಅಂಟಿಸಿದಳು. ಮೇಣ ಕಾಸಿ ಪಳಗಿದ ಕೈಗೆ ಅರಗೇನೂ ಹೊಸದಲ್ಲ. ಸಂಜೆ ಐದೂವರೆಗೆ ಸೀಸೆಯ ಚೂರಿಗೆ ಎಂಟು ಮುಖ ಬಂದಿದ್ದವು, ಆಕೆಗೆ ಬೆನ್ನು ನೋವು ಬಂದಿತ್ತು, ಸಾರು ಸೀದಿತ್ತು. ಅಂದು ರಾತ್ರಿಯ ಊಟದಲ್ಲಿ ಯಜಮಾನರು ಸಾರಿಗೆ ಹತ್ತಕ್ಕೆ ನಾಲ್ಕೂವರೆ ಕೊಟ್ಟರು. ಆಕೆ ಮೊದಲ ಸಲ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅಲ್ಲಿಂದ ವಾರಕ್ಕೆ ಮೂರು ಮಧ್ಯಾಹ್ನ. ಎದ್ದ ಮೇಲೆ ಕೋನವನ್ನು ಅವರು ಬಿಟ್ಟುಹೋದ ನಲವತ್ಮೂರಕ್ಕೇ ತಿರುಗಿಸಿಡುವುದು, ನೀರಿನ ಡಬ್ಬಿಯನ್ನು ಅದೇ ಗೆರೆಯವರೆಗೆ ತುಂಬುವುದು, ತಟ್ಟೆಯ ಕೆಸರು ಒರೆಸುವುದು, ಕುರ್ಚಿಯನ್ನು ನೆಲದ ಸವೆದ ಗುರುತಿಗೆ ಸರಿಯಾಗಿ ಕೂರಿಸುವುದು. ಅಳೆಯುವ ಗಂಡನ ಜೊತೆ ಮೂವತ್ತೊಂದು ವರ್ಷ ಬಾಳಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆಕೆಯ ಉಗುರಿನ ಸಂದಿಯಲ್ಲಿ ಹೊಳಪಿನ ಪುಡಿ ಬಿಳಿಯಾಗಿ ಕೂತಿರುತ್ತಿತ್ತು. ಯಜಮಾನರ ಕಣ್ಣು ಯಾವ ಕಲ್ಲಿನ ಯಾವ ಗೀರನ್ನೂ ಬಿಡುತ್ತಿರಲಿಲ್ಲ, ಹೆಂಡತಿಯ ಉಗುರಿನ ತನಕ ಮಾತ್ರ ಬರುತ್ತಿರಲಿಲ್ಲ. “ನೋಡಿದ್ಯಾ? ವರ್ಷವಾಯ್ತು, ಮಷೀನು ಒರೆಸೋದೇ ಬೇಕಿಲ್ಲ. ಒಳ್ಳೇ ಮಾಲು ಅಂದ್ರೆ ಹಾಗೆ, ತನ್ನಷ್ಟಕ್ಕೆ ತಾನೇ ಕ್ಲೀನಾಗಿರುತ್ತೆ” ಎಂದರು ಒಂದು ದಿನ. ಆಕೆ ನಾಲಿಗೆ ಕಚ್ಚಿಕೊಂಡು, “ಹೌದಲ್ವಾ!” ಎಂದಳು.

ಸ್ಪರ್ಧೆಗೆ ಹೆಸರು ಕೊಡುವ ಯೋಚನೆ ತಂದವಳು ಕ್ಲಬ್ಬಿನ ಕಾರ್ಯದರ್ಶಿ. ಪೇಟೆಯ ತಿರುವಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡವಳು, ಎಲ್ಲರಿಗೂ ಗಡಿಯಾರದಮ್ಮ. ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಹೋದಾಗ ಆಕೆ ತಾನು ಕೊಯ್ದ ಒಂದು ಹರಳನ್ನು ಗಾಜಿನ ಮೇಜಿನ ಮೇಲಿಟ್ಟು, “ಇದು ನನಗೆ ಪರಿಚಯದವರದು” ಎಂದಳು. ಗಡಿಯಾರದಮ್ಮ ಅದನ್ನು ನೋಡಿದಳು, ಆಮೇಲೆ ಆಕೆಯ ಉಗುರು ನೋಡಿದಳು.

“ಅಕ್ಕಾ, ಪರಿಚಯದವರಿಗೆ ಈ ಸಲ ನಂಬರು ಐದು ಕೊಡ್ಲಾ?”

“ಅಯ್ಯೋ, ತೀರ್ಪು ಕೊಡೋರು ಯಾರು ಗೊತ್ತಲ್ಲ.”

“ಅದಕ್ಕೇ ತಾನೇ ಮಜಾ?”

“ರೂಲು ಇದೆಯಂತಲ್ಲ. ಮನೆಯವರ ಹರಳಿಗೆ ಅಂಕ ಕೊಡಬಾರದು ಅಂತ.”

“ಏಳನೇ ರೂಲು. ಅವರೇ ಬರೆದಿದ್ದು. ತನ್ನ ಮನೆಯವರದು ಅಂತ ಗೊತ್ತಿದ್ದೂ ಅಂಕ ಕೊಡಬಾರದು. ಗೊತ್ತಿದ್ದೂ! ಗೊತ್ತಾಗೋ ಹಾಗೆ ನೀವು ಬಿಡ್ತೀರಾ?”

ಆಕೆಗೆ ಬಹುಮಾನದ ಕಪ್ಪಿನ ಆಸೆ ಇರಲಿಲ್ಲ. ಆ ಬಾಯಿಂದ, ಹೆಂಡತಿಯದೆಂದು ಗೊತ್ತಿಲ್ಲದೆ, ಒಂದೇ ಒಂದು ನಿಜವಾದ ತೀರ್ಪು ಬೇಕಿತ್ತು. ಗೊತ್ತಿದ್ದರೆ ಅವರು ನೋಡುವ ಮುಂಚೆಯೇ ಅರ್ಧ ಕಳೆಯುತ್ತಾರೆ. ಗೊತ್ತಿಲ್ಲದೆಯೂ ಕಳಪೆ ಎಂದರೆ ಸರಿ, ತನ್ನ ಕೈ ಇಷ್ಟೇ ಎಂದು ಒಪ್ಪಿಕೊಂಡು ಹೊಲಿಗೆ ಮಷೀನನ್ನು ಮಂಚದ ಕೆಳಗಿಂದ ಎಳೆದರಾಯಿತು. ಇದನ್ನೆಲ್ಲ ಆಕೆ ಗಡಿಯಾರದಮ್ಮನಿಗೆ ಹೇಳಲಿಲ್ಲ. ಸ್ಪರ್ಧೆಗೆಂದು ಅವಳು ಕೊಟ್ಟ ಜೇನಿನ ಬಣ್ಣದ ಒರಟು ಕಲ್ಲನ್ನು ಪರ್ಸಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದಳು.

ಒಂಬತ್ತು ವಾರ ಹಿಡಿಯಿತು. ಎರಡು ಸಲ ಕಲ್ಲು ಅರಗಿನಿಂದ ಹಾರಿ ಕಪಾಟಿನ ಕೆಳಗೆ ಹೋಯಿತು. ಅರವತ್ತರ ಹೆಂಗಸು ನೆಲಕ್ಕೆ ಕೆನ್ನೆ ಹಚ್ಚಿ ಟಾರ್ಚ್ ಹಾಕಿ ಹುಡುಕಿದಳು. ಒಂದು ಜಾಗದಲ್ಲಿ ಮಾತ್ರ ಎಷ್ಟು ಒದ್ದಾಡಿದರೂ ಮೂರು ಗೆರೆಗಳು ಒಂದೇ ಚುಕ್ಕೆಗೆ ಬರಲಿಲ್ಲ, ಒಂದು ಕೂದಲೆಳೆ ಪಕ್ಕಕ್ಕೆ ನಿಂತೇಬಿಟ್ಟವು. ಮೂವತ್ತೆರಡನೆಯ ಹಲ್ಲಿಗೆ ನಿಲ್ಲಿಸಿ ತೇಯ್ದ ಮುಖ ಅದು. ತಪ್ಪಾದರೆ ಮನುಷ್ಯನದು ಎಂದು ಸಾವಿರ ಸಲ ಕೇಳಿದ್ದ ಆಕೆ ತನ್ನ ಕೈಯನ್ನೇ ಬೈದುಕೊಂಡು ಹರಳನ್ನು ಪೆಟ್ಟಿಗೆಗೆ ಹಾಕಿ ಕೊಟ್ಟುಬಂದಳು.

ಸೋಮವಾರ ಏಳು ಪುಟ್ಟ ಪೆಟ್ಟಿಗೆಗಳು ತೀರ್ಪಿಗಾಗಿ ಮನೆಗೆ ಬಂದವು. ಯಜಮಾನರು ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ದೀಪ ಹೊತ್ತಿಸಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ಮೊದಲು ಪೆನ್ಸಿಲಿನಲ್ಲಿ ಅಂಕ ಬರೆಯುವುದು, ಶುಕ್ರವಾರ ಶಾಯಿಯಲ್ಲಿ ತಿದ್ದಿ ಕೊಡುವುದು ಅವರ ಪದ್ಧತಿ. ಆಕೆ ಅಡುಗೆಮನೆಯ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚಿದಳು. ಅವತ್ತು ಆ ಮನೆಯಲ್ಲಿ ನಾಲ್ಕು ದಿನಕ್ಕಾಗುವಷ್ಟು ತರಕಾರಿ ಹೆಚ್ಚಾಯಿತು.

ಒಂದನೆಯದಕ್ಕೆ ಯಜಮಾನರು “ಛೆ” ಎಂದರು. ಎರಡನೆಯದಕ್ಕೆ ಕನಿಕರದಿಂದ ತಲೆಯಾಡಿಸಿದರು. ಮೂರನೆಯವನು ಹರಳು ಕೊಯ್ಯುವುದು ಬಿಟ್ಟು ಹುರುಳಿಕಾಯಿ ಕೊಯ್ಯಲಿ ಎಂದರು. ನಾಲ್ಕನೆಯದನ್ನು ಎರಡು ನಿಮಿಷದಲ್ಲಿ ಮುಗಿಸಿದರು. ಐದನೆಯದನ್ನು ಎತ್ತಿಕೊಂಡರು, ಮಾತಿಲ್ಲ. ತಿರುಗಿಸಿದರು, ಮಾತಿಲ್ಲ. ಕೆಳಗಿಟ್ಟು ಭೂತಗನ್ನಡಿ ಒರೆಸಿಕೊಂಡು ಮತ್ತೆ ಎತ್ತಿಕೊಂಡರು. ಚಹಾ ಆರಿತು. ಆಕೆ ಬೇರೆ ಚಹಾ ಇಟ್ಟಳು. ಅದೂ ಆರಿತು. ಕೊನೆಗೆ ಪೆನ್ಸಿಲ್ ಎತ್ತಿ ಏನೋ ಬರೆದು, ಬರೆದದ್ದನ್ನು ತಾವೇ ನಂಬದವರ ಹಾಗೆ ನೋಡುತ್ತ ಕೂತರು. ಲೋಟ ತೆಗೆಯುವ ನೆವದಲ್ಲಿ ಬಗ್ಗಿ ಆಕೆ ಓದಿದಳು. ತೊಂಬತ್ತೊಂಬತ್ತೂವರೆ.

ಆಕೆ ಲೋಟ ಎತ್ತಿಕೊಂಡಳು. ಅಡುಗೆಮನೆಗೆ ಹೋಗಿ ಹೆಚ್ಚಿಟ್ಟ ತರಕಾರಿಯ ರಾಶಿಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಈರುಳ್ಳಿ ಹೆಚ್ಚಿದ್ದರೆ ಒಂದು ನೆವವಾದರೂ ಇರುತ್ತಿತ್ತು. ಅಷ್ಟರಲ್ಲಿ ಒಳಗೆ ಡ್ರಾಯರು ಎಳೆದ ಸದ್ದಾಯಿತು. ಯಜಮಾನರು ತಳದ ಖಾನೆಯಿಂದ ಒಂದು ಹಳೆಯ ತಗಡಿನ ಡಬ್ಬಿ ತೆಗೆದು, ಅದರಲ್ಲಿದ್ದ ತಮ್ಮ ಮೊದಲ ವರ್ಷದ ಹರಳೊಂದನ್ನು ಐದನೇ ನಂಬರಿನ ಪಕ್ಕದಲ್ಲಿಟ್ಟು, ಎರಡರಲ್ಲೂ ಅದೇ ಒಂದು ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ನೋಡನೋಡುತ್ತ ಮುಖ ಕೆಂಪಾಯಿತು.

“ಲೇ! ಇಲ್ಲಿ ಬಾ. ನಾನಿಲ್ದಾಗ ಈ ಮನೆಗೆ ಯಾರು ಬರ್ತಿದ್ದಾರೆ?”

ಮೂವತ್ತೊಂದು ವರ್ಷದಲ್ಲಿ ಕೇಳದ ಪ್ರಶ್ನೆ. ಆಕೆಗೆ ಹೆದರಿಕೆಗಿಂತ ಮೊದಲು ಬೆರಗಾಯಿತು.

“ಯಾರೂ ಇಲ್ವಲ್ಲ. ಯಾಕೆ?”

“ಸುಳ್ಳು ಹೇಳ್ಬೇಡ. ಈ ಹರಳು ನನ್ನ ಮಷೀನಲ್ಲಿ ಕೊಯ್ದಿದ್ದು. ಹೇಗೆ ಗೊತ್ತು ಅಂತ ಕೇಳ್ಬೇಡ, ನನಗೆ ಗೊತ್ತು. ಯಾವನೋ ನಾನು ಕ್ಲಬ್ಬಿಗೆ ಹೋದಾಗ ಬಂದು, ನನ್ನ ಕುರ್ಚಿಯಲ್ಲಿ ಕೂತು, ನನ್ನ ಸಾಣೆ ಮೇಲೆ ಕೊಯ್ದಿದ್ದಾನೆ. ಕೆಳಗಿನ ಮನೆ ಕನ್ನಡಕದವನಾ?”

“ಅವರಿಗೆ ಕೈ ನಡುಗುತ್ತೆ.”

“ಹಾಗಾದ್ರೆ ನಿನ್ನ ತಮ್ಮ.”

ಆಕೆಯ ತಮ್ಮ ಬಲ್ಬು ಬದಲಾಯಿಸಲು ಎಲೆಕ್ಟ್ರಿಷಿಯನ್ನನ್ನು ಕರೆಸುವವನು. ಆಕೆಗೆ ನಗು ತಡೆಯಲಾಗಲಿಲ್ಲ. ತನಿಖೆ ಮುಂದುವರಿಯಿತು. ಓಣಿಯ ಗಂಡಸರೆಲ್ಲರೂ ಒಬ್ಬೊಬ್ಬರಾಗಿ ಆ ಊಟದ ಮೇಜಿನ ಮೇಲೆ ಹಾದುಹೋದರು. ಕೊರಿಯರಿನವನೂ ಹೋದ, ನಲ್ಲಿ ರಿಪೇರಿಯವನೂ ಹೋದ. ಎದುರಿಗೆ ನಿಂತವಳೊಬ್ಬಳು ಉಳಿದಳು, ಆ ಕಡೆ ಇನ್‌ಸ್ಪೆಕ್ಟರ ಬುದ್ಧಿ ಹೊರಳಲೇ ಇಲ್ಲ. ಆಕೆಗೆ ಸಿಟ್ಟು ಬಂದದ್ದು ಆಗ. ಅನುಮಾನಪಡುವ ಯೋಗ್ಯತೆಯೂ ತನಗಿಲ್ಲವೇ ಅನ್ನಿಸಿತು.

“ಅಲ್ರೀ, ಅಷ್ಟು ಚೆನ್ನಾಗಿದೆಯಾ ಅದು?” ಎಂದು ಮೆಲ್ಲಗೆ ಕೇಳಿದಳು.

“ನಿನಗೇನು ಗೊತ್ತು! ಕೈ ಅಂದ್ರೆ ಇದು ಕಣೇ. ಈ ಹೊಳಪು ನೋಡು, ಎಲ್ಲೂ ಒತ್ತಿಲ್ಲ, ಎಲ್ಲೂ ಬಿಟ್ಟಿಲ್ಲ. ನನಗೆ ಆರು ವರ್ಷದಿಂದ ಬರದೇ ಇರೋ ಹೊಳಪು. ಎಷ್ಟು ತಾಳ್ಮೆ ಇರ್ಬೇಕು ಈ ಮನುಷ್ಯನಿಗೆ!”

“ಇನ್ನೊಂದ್ಸಲ ಹೇಳಿ.”

“ಏನು?”

“ಅದೇ, ತಾಳ್ಮೆ ಅಂದ್ರಲ್ಲ.”

ಅವರು ಇನ್ನೊಂದು ಸಲ ಹೇಳಿದರು. ಇನ್ನೂ ಎರಡು ಸಲ ಬೇರೆ ಮಾತಿನಲ್ಲಿ ಹೇಳಿದರು. ಹೇಳುತ್ತ ಹೇಳುತ್ತ ಸಿಟ್ಟು ಇಳಿದು ಧ್ವನಿ ಬೇರೆಯಾಯಿತು. “ನೋಡು, ನಾನು ಜಗಳ ಆಡೋಲ್ಲ. ಯಾರು ಅಂತ ಹೇಳು ಸಾಕು. ಕೂತು ಮಾತಾಡ್ಬೇಕು ಅವರ ಹತ್ರ. ಆ ಹೊಳಪು ಹೇಗೆ ಬಂತು ಅಂತ ಕೇಳ್ಬೇಕು.” ‘ಯಾವನೋ’ ಆಗಿದ್ದವನು ‘ಅವರು’ ಆದದ್ದನ್ನು ಆಕೆ ಗಮನಿಸಿದಳು. ಮೂವತ್ತೊಂದು ವರ್ಷಕ್ಕೆ ಬರಬೇಕಾಗಿದ್ದ ಹೊಗಳಿಕೆಯೆಲ್ಲ ಒಟ್ಟಿಗೆ ಬಂದಿತ್ತು, ವಿಳಾಸ ಮಾತ್ರ ಬೇರೆಯವರದು.

“ಗುರುವಾರ ಮಧ್ಯಾಹ್ನ ಎರಡೂವರೆಗೆ ಬರ್ತಾರೆ. ನೀವು ಕ್ಲಬ್ಬಿಗೆ ಹೋಗದಿದ್ರೆ ಕಾಣಬಹುದು” ಎಂದಳು.

ಹೇಳಿದ ಮೇಲೆ ಎರಡು ದಿನ ಆಕೆಗೆ ಸರಿಯಾಗಿ ಅನ್ನ ಇಳಿಯಲಿಲ್ಲ. ಹಾಳೆ ಇನ್ನೂ ಪೆನ್ಸಿಲಿನಲ್ಲೇ ಇತ್ತು. ಯಾರೋ ಗಂಡಸಿನದು ಎಂದುಕೊಂಡು ಬರೆದ ತೊಂಬತ್ತೊಂಬತ್ತೂವರೆ, ಇವಳದು ಎಂದು ಗೊತ್ತಾದ ಮೇಲೆ ನಿಲ್ಲುತ್ತದೆಯೇ? ರಬ್ಬರು ಅವರ ಜೇಬಿನಲ್ಲೇ ಇರುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಅಂಕ ಉಳಿಯುತ್ತಿತ್ತು, ಕಪ್ಪೂ ಬರುತ್ತಿತ್ತು. ಆದರೆ ಯಾವನೋ ಒಬ್ಬನಿಗೆ ಬಂದ ಅಂಕವನ್ನು ಮನೆಗೆ ತಂದು ಏನು ಮಾಡುವುದು?

ಗುರುವಾರ ಯಜಮಾನರು ಎರಡು ಸಲ ಗಡ್ಡ ಬೋಳಿಸಿಕೊಂಡರು. ಇಸ್ತ್ರಿ ಅಂಗಿ ಹಾಕಿ, ಕೋಣೆಯಲ್ಲಿ ಎರಡು ಕುರ್ಚಿ ಹಾಕಿ, ಬರುವವರಿಗೆ ಬೆಳಕು ಎಡದಿಂದ ಬೀಳುವಂತೆ ದೀಪ ತಿರುಗಿಸಿಟ್ಟರು. “ಚಹಾ ಮೂರು ಮಾಡು” ಎಂದರು. ಆಕೆ ಎರಡು ಮಾಡಿದಳು. “ಮೂರು ಅಂದಿದ್ನಲ್ಲ” ಎಂದರು. ಗಡಿಯಾರ ಎರಡೂವರೆ ತೋರಿಸಿದಾಗ ಆಕೆ ಲ್ಯಾಬಿನ ಹಳೆಯ ಏಪ್ರನ್ ಕಟ್ಟಿಕೊಂಡು, ಕೋಣೆಗೆ ಹೋಗಿ, ಯಂತ್ರದ ಮುಂದೆ ಕೂತಳು.

“ಏಯ್, ಅದನ್ನ ಮುಟ್ಬೇಡ! ಅವರು ಬರೋ ಹೊತ್ತು.”

“ಬಂದಾಯ್ತು” ಎಂದಳು ಆಕೆ.

ಯಜಮಾನರು ತಿರುಗಿ ಬಾಗಿಲು ನೋಡಿದರು. ಮತ್ತೆ ಬೀದಿಯ ಕಡೆ ಕಿವಿಗೊಟ್ಟರು. ಆಕೆ ಏಪ್ರನ್ನಿನ ಜೇಬಿನಿಂದ, ಮೊದಲೇ ಅರಗಿನಲ್ಲಿ ಕೂರಿಸಿಟ್ಟಿದ್ದ ಕಡ್ಡಿಯನ್ನು ತೆಗೆದು ತೋಳಿಗೆ ಸಿಕ್ಕಿಸಿ, ನೀರು ಬಿಟ್ಟು, ಸಾಣೆ ತಿರುಗಿಸಿದಳು. ಮೊದಲ ಹಲ್ಲು, ಮೊದಲ ಮುಖ. ಎತ್ತಿ ನೋಡಿ ಒರೆಸಿ ಮುಂದಿನದು. ಬೆನ್ನ ಹಿಂದೆ ಒಂದು ಸಲ ಕುರ್ಚಿ ಕಿರ್ ಎಂದಿತು, ಯಾರೋ ಧೊಪ್ಪನೆ ಕೂತ ಹಾಗೆ. ಆಕೆ ತಿರುಗಲಿಲ್ಲ. ತಿರುಗಿ ಆ ಮುಖ ನೋಡುವ ಧೈರ್ಯ ಆಕೆಗಿರಲಿಲ್ಲ. ಕಲ್ಲು ಮಾತ್ರ ನೋಡುತ್ತ ಹೋದಳು. ಹದಿನಾರು. ಇಪ್ಪತ್ನಾಲ್ಕು. ಮೂವತ್ತೆರಡು. ಅಲ್ಲಿ ಒಂದು ಗಳಿಗೆ ಕೈ ತಡೆಯಿತು.

“ಸ್ವಲ್ಪ ಎಡಕ್ಕೆ” ಎಂದಿತು ಹಿಂದಿನಿಂದ ಒಂದು ಧ್ವನಿ. “ಮೇಲಿನ ತಿರುಪು. ಅರ್ಧ ಸುತ್ತು.”

“ಯಾಕೆ?”

“ಆ ಹಲ್ಲು ಓರೆಯಾಗಿದೆ.”

“ಯಾವಾಗಿಂದ?”

“ತಂದಾಗಿಂದ.”

ಆಕೆ ತಿರುಪನ್ನು ಅರ್ಧ ಸುತ್ತು ತಿರುಗಿಸಿ ತೇಯ್ದು, ಎತ್ತಿ, ಭೂತಗನ್ನಡಿಯಲ್ಲಿ ನೋಡಿದಳು. ಒಂಬತ್ತು ವಾರ ಕಾಡಿದ ಮೂರು ಗೆರೆಗಳು ಸದ್ದಿಲ್ಲದೆ ಬಂದು ಒಂದೇ ಚುಕ್ಕೆಯಲ್ಲಿ ಕೂಡಿಕೊಂಡಿದ್ದವು. ಇಪ್ಪತ್ತೆಂಟು ವರ್ಷ ಹಲ್ಲಿನಲ್ಲೇ ಕಳೆದವಳು ಈ ಒಂದು ಹಲ್ಲನ್ನು ಅನುಮಾನಿಸದೆ ತನ್ನ ಕೈಯನ್ನು ಬೈದುಕೊಂಡಿದ್ದಳು. ಅದು ನೆನಪಾಗಿ ಮೈಯೆಲ್ಲ ಉರಿಯಿತು. ಏನಾದರೂ ಅನ್ನಬೇಕೆಂದು ತಿರುಗಿದರೆ ಕುರ್ಚಿ ಖಾಲಿಯಿತ್ತು.

ಊಟದ ಮೇಜಿನ ಕಡೆಯಿಂದ ಸದ್ದು ಬಂತು. ಕಾಗದದ ಮೇಲೆ ರಬ್ಬರು ಉಜ್ಜುವ ಸದ್ದು. ಅದನ್ನು ಗುರುತಿಸದಿರಲು ಸಾಧ್ಯವೇ ಇರಲಿಲ್ಲ, ಅಷ್ಟು ಅಚ್ಚುಕಟ್ಟಾಗಿ, ಅಷ್ಟು ಹೊತ್ತು ಉಜ್ಜುವವರು ಲೋಕದಲ್ಲಿ ಒಬ್ಬರೇ. ಆಕೆ ಸಾಣೆ ನಿಲ್ಲಿಸಲಿಲ್ಲ. ಕಣ್ಣಿಗೆ ಏನೂ ಕಾಣದಿದ್ದರೂ ಕೈ ಹಲ್ಲು ಎಣಿಸುತ್ತಿತ್ತು. ಹೋಯಿತು ಎಂದುಕೊಂಡಳು. ಗಂಡಸಿನದಾಗಿದ್ದಾಗ ತೊಂಬತ್ತೊಂಬತ್ತೂವರೆ. ಈಗ ಎಷ್ಟೋ, ಅರವತ್ತೋ, ಅರವತ್ತೂವರೆಯೋ.

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಉರುಳಿತು. ಯಜಮಾನರು ಅಲ್ಲಿ ಏನೋ ಹುಡುಕುತ್ತಿದ್ದರು. ಆಕೆ ಎದ್ದು ಬಂದಳು. ಮೇಜಿನ ಮೇಲೆ ಹಾಳೆ ಇತ್ತು. ಐದನೇ ಸಾಲಿನ ಅಂಕದ ಜಾಗ ಬಿಳಿಯಾಗಿ, ಉಜ್ಜಿ ಉಜ್ಜಿ ಕಾಗದ ಜುಂಗು ಎದ್ದಿತ್ತು. ಅದರ ಮುಂದಿನ ಷರಾದ ಕಾಲಮ್ಮಿನಲ್ಲಿ, ಯಾವಾಗಲೂ ತಪ್ಪುಗಳ ಪಟ್ಟಿ ಇರುವ ಜಾಗದಲ್ಲಿ, ಶಾಯಿಯಲ್ಲಿ ಬರೆದಿತ್ತು:

‘ಈ ಹರಳು ನನ್ನ ಮನೆಯದು, ಕೊಯ್ದವರು ನನ್ನ ಹೆಂಡತಿ ಎಂದು ಈಗ ತಿಳಿದಿರುವುದರಿಂದ ಏಳನೇ ನಿಯಮದಂತೆ ಅಂಕ ಕೊಡಲು ಬರುವುದಿಲ್ಲ. ತಿಳಿಯುವ ಮುಂಚೆ ಕೊಟ್ಟಿದ್ದು ತೊಂಬತ್ತೊಂಬತ್ತೂವರೆ. ಕಳೆದ ಅರ್ಧ ಅಂಕ ನನ್ನ ಯಂತ್ರದ ಮೂವತ್ತೆರಡನೆಯ ಹಲ್ಲಿನ ತಪ್ಪಿಗೆ. ಅದು ತಂದ ದಿನದಿಂದಲೂ ಓರೆಯಾಗಿದೆ, ನಾನು ಯಾರಿಗೂ ಹೇಳಿರಲಿಲ್ಲ. ಕೊಯ್ದವರ ತಪ್ಪಿಲ್ಲ. ಚೆನ್ನಾಗಿದೆ.’

ಈ ಹಾಳೆಯನ್ನು ನಾಳೆ ಗಡಿಯಾರದಮ್ಮ ಹನ್ನೆರಡು ಜನರ ಮುಂದೆ ಗಟ್ಟಿಯಾಗಿ ಓದುತ್ತಾಳೆ. ಅರ್ಧಮಾರ್ಕಿನ ಮೆರೆದಾಟವೆಲ್ಲ ಒಂದೇ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅದು ಬರೆದವರಿಗೂ ಗೊತ್ತಿತ್ತು. ಶಾಯಿಯಲ್ಲಿ ಬರೆದಿದ್ದರು.

ಯಜಮಾನರು ಎರಡು ಲೋಟ ಚಹಾ ಹಿಡಿದು ಬಂದು ನಿಂತರು. ಕಣ್ಣು ಲೋಟದ ಮೇಲಿತ್ತು.

“ಹಾಗಾದ್ರೆ ಕಪ್ಪು ಹೋಯ್ತು” ಎಂದಳು ಆಕೆ. ಕಪ್ಪು ಬೇಡವೆಂದುಕೊಂಡಿದ್ದವಳಿಗೆ ಈಗ ಒಂದು ಗಳಿಗೆ ಅದೂ ಬೇಕಿತ್ತು ಅನ್ನಿಸಿತು.

“ಏನ್ ಮಾಡೋದು, ರೂಲು.”

“ಯಾರು ಮಾಡಿದ ರೂಲು?”

“ನಾನೇ.” ಅವರು ಲೋಟ ಮುಂದೆ ಚಾಚಿದರು. “ಚಹಾ ಹೇಗಿದೆ ನೋಡು.”

ಆಕೆ ಕುಡಿದಳು. ಸಕ್ಕರೆ ಅರ್ಧ ಚಮಚವಲ್ಲ, ಪೂರ್ತಿ ಎರಡು ಚಮಚ ಹೆಚ್ಚಾಗಿತ್ತು. ಮೂವತ್ತೊಂದು ವರ್ಷದ ಉತ್ತರ ನಾಲಿಗೆಯ ತುದಿಗೆ ಬಂತು. ಅದನ್ನು ಚಹಾದ ಜೊತೆಗೇ ನುಂಗಿ, “ಇರ್ಲಿ” ಎಂದಳು. ಅಷ್ಟು ಸುಲಭವಾಗಿ ‘ಚೆನ್ನಾಗಿದೆ’ ಅಂದುಬಿಡುವ ಮನಸ್ಸು ಆಕೆಗೂ ಇರಲಿಲ್ಲ.

ಅವರು ಲೋಟ ತೊಳೆಯಲು ಒಳಗೆ ಹೋದ ಮೇಲೆ ಆಕೆ ಹಾಳೆಯನ್ನು ಕಿಟಕಿಯ ಬೆಳಕಿಗೆ ತಂದಳು. ಏಪ್ರನ್ನಿನ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಷರಾದ ಕೊನೆಯ ಪದದ ಮೇಲೆ ಬಗ್ಗಿದಳು. ಎಲ್ಲಾದರೂ ಪೆನ್ಸಿಲಿನ ಗುರುತಿದೆಯೇ, ಎಲ್ಲಾದರೂ ತಿದ್ದಿದ್ದಾರೆಯೇ, ಅಕ್ಷರದ ಅಂಚು ಎಲ್ಲಾದರೂ ಹಿಂಜರಿದಿದೆಯೇ ಎಂದು ಒಂದೊಂದೇ ಗೆರೆ ಹಿಡಿದು ಹುಡುಕಿದಳು. ಎಲ್ಲೂ ಇರಲಿಲ್ಲ. ಆ ಪುಟ್ಟ ಪದ ಗಾಜಿನ ಕೆಳಗೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು.